ಲಾಳ, ಸರಪಣಿ ಮತ್ತು ಹಿಮದ ಹಾದಿ

ನಮ್ಮ ಸೀಮೆಯವರಿಗೆ ಹಿಮವೆಂದರೆ ಮಾಗಿಯ ಬೆಳಗಿನಲ್ಲಿ ಕಬ್ಬಿನ ಗರಿಯ ಮೇಲೆ ಕೂತ ಇಬ್ಬನಿಯಷ್ಟೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಬಂಡಿ ಜಾರುವುದು ಕೆಸರಿನಲ್ಲಿ. ನಾಲೆಯ ಏರಿಯ ಮೇಲೆ ಕಬ್ಬು ತುಂಬಿದ ಗಾಡಿ ಹೂತುಕೊಂಡರೆ ತಿಳಿದ ರೈತ ಎತ್ತಿಗೆ ಹೊಡೆಯುತ್ತಾ ನಿಲ್ಲುವುದಿಲ್ಲ. ಗಾಲಿಯ ಮುಂದೆ ಒಣ ತರಗು ಹಾಸುತ್ತಾನೆ, ಹಿಂದಕ್ಕೆ ಸರಿಯದಂತೆ ಕಲ್ಲು ಕೊಡುತ್ತಾನೆ. ನೆಲ ಹಿಡಿತ ಕೊಡದಿದ್ದರೆ ಎಳೆಯುವ ಬಲವಿದ್ದೂ ವ್ಯರ್ಥ ಎಂಬುದು ಅವನಿಗೆ ಗೊತ್ತು. ಹಿಮಾಲಯದ ಮಂಜುಗಡ್ಡೆಯ ಮೇಲೆ ಜೀಪು, ಲಾರಿ ನಡೆಸುವವರಿಗೂ ಇದೇ ಮೊದಲ ಪಾಠ. ಎತ್ತರದ ಕಣಿವೆಗಳ ಆ ಹಾದಿಗೂ ನಮ್ಮ ಊರುಗಳಿಗೂ ಇರುವ ನಂಟು ಬಹಳ ಹಳೆಯದು.

ಆ ನಂಟು ಶುರುವಾಗುವುದು ದನಗಳಿಂದ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ಸುಲ್ತಾನ್ ‘ಅಮೃತ ಮಹಲ್’ ಎಂದು ಕರೆದ. ಹೆಸರಿನಲ್ಲಿ ಹಾಲು ಬೆಣ್ಣೆ ಇದ್ದರೂ ಅಲ್ಲಿನ ಎತ್ತುಗಳ ಮುಖ್ಯ ಕೆಲಸ ಸೈನ್ಯದ ಫಿರಂಗಿ ಎಳೆಯುವುದು. ಹೈದರಾಲಿ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದು ಚಿದಂಬರ ತಲುಪಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರು ಅರಮನೆಯ ಒಡವೆಗಳ ಜೊತೆಗೆ ಈ ಎತ್ತುಗಳ ಬೆಲೆಯನ್ನೂ ಬೇಗ ಅರಿತರು. ಮುಂದೆ ಕಂಪನಿಯ ಸೈನ್ಯವೇ ಅವುಗಳನ್ನು ಸಾಕಿಸಿತು.

1842ರಲ್ಲಿ ಈ ತಳಿಯ 230 ಎತ್ತುಗಳು ಅಫಘಾನಿಸ್ತಾನದ ಯುದ್ಧದಲ್ಲಿ ದುಡಿದವು. ಜನರಲ್ ಪೊಲಕ್‌ನ ಸೈನ್ಯದಲ್ಲಿ ಇವು ಎಳೆತದ ಕೆಲಸಕ್ಕಿದ್ದವು. ಎಷ್ಟೋ ದಿನ 16 ಗಂಟೆಗೂ ಮೀರಿ ನೊಗ ಹೊತ್ತಿದ್ದವೆಂದು ಅವುಗಳ ಉಸ್ತುವಾರಿಯಲ್ಲಿದ್ದ ಅಧಿಕಾರಿ ವರದಿ ಮಾಡಿದ. ಬೇಬಿ ಬೆಟ್ಟದ ಜಾತ್ರೆಯಲ್ಲೋ ಹೇಮಗಿರಿ ಜಾತ್ರೆಯಲ್ಲೋ ಎತ್ತಿನ ಗೊರಸು ಎತ್ತಿ ನೋಡುವ ನಮ್ಮ ಹಿರಿಯರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಎತ್ತು ನಾಲ್ಕು ಕಾಲನ್ನೂ ಊರಿ ಎಳೆಯುತ್ತದೆ. ಗೊರಸು ಎರಡು ಸೀಳಾಗಿರುವುದರಿಂದ ಕಾಲಿಗೆ ಎರಡರಂತೆ ಎಂಟು ಲಾಳ. ಒಂದು ಕಾಲು ಜಾರಿದರೂ ಉಳಿದ ಮೂರು ನೆಲ ಕಚ್ಚಿರುತ್ತವೆ.

ಯಂತ್ರದ ಬಂಡಿಗೆ ಈ ಗುಣ ಬರಲು ಕಾಲ ಹಿಡಿಯಿತು. ಹಳೆಯ ಮೋಟಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಶಕ್ತಿ. ಮುಂದಿನವು ಸುಮ್ಮನೆ ಉರುಳುತ್ತಿದ್ದವು. ನಾಲ್ಕಕ್ಕೂ ಶಕ್ತಿ ಹಂಚುವ ಪ್ರಯತ್ನಗಳು ಮೊದಲೇ ನಡೆದಿದ್ದರೂ, ಅದು ಲೋಕಕ್ಕೆಲ್ಲ ಪರಿಚಯವಾದದ್ದು ಎರಡನೆಯ ಮಹಾಯುದ್ಧದ ಜೀಪಿನಿಂದ. 1941ರಿಂದ 1945ರ ನಡುವೆ ಅಮೆರಿಕ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿತು. ಯುದ್ಧ ಮುಗಿದ ಮೇಲೆ ಅವು ನಮ್ಮ ದೇಶದ ಕಚ್ಚಾ ರಸ್ತೆಗಳಿಗೂ ಬಂದವು.

ಸ್ವಾತಂತ್ರ್ಯ ಬಂದ ಮರುವರ್ಷವೇ ಹಿಮದ ಪರೀಕ್ಷೆ ಎದುರಾಯಿತು. ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆ ಎದುರಾಳಿಗಳ ಕೈಯಲ್ಲಿತ್ತು. ಲೇಹ್‌ಗೆ ದಾರಿ ಕಡಿದುಹೋಗಿತ್ತು. 1948ರ ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ಫಲಿಸಲಿಲ್ಲ. ಆಗ ಆ ವಿಭಾಗದ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಅವರು ಕಣಿವೆಗೆ ಟ್ಯಾಂಕುಗಳನ್ನೇ ಹತ್ತಿಸಲು ನಿರ್ಧರಿಸಿದರು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ, ಶತ್ರುವಿಗೆ ಸುಳಿವು ಸಿಗದಂತೆ ಗುಟ್ಟಾಗಿ ಸಾಗಿಸಲಾಯಿತು. ಹವಾಮಾನ ಕೆಟ್ಟು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ಹೊಕ್ಕವು. ಅಷ್ಟು ಎತ್ತರದಲ್ಲಿ ಅಂಥ ವಾಹನವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಆ ತಿಂಗಳಲ್ಲೇ ದ್ರಾಸ್, ಕಾರ್ಗಿಲ್ ಕೈಸೇರಿ ಲೇಹ್‌ನ ದಾರಿ ತೆರೆಯಿತು.

ಈ ಕಥೆ ಹೇಳುವಾಗ ಸೇನಾಪತಿಯ ಹೆಸರು, ಟ್ಯಾಂಕಿನ ಹೆಸರು ಬರುತ್ತವೆ. ಆದರೆ ಬಾಲ್ತಾಲಿನಿಂದ ಮೇಲಕ್ಕಿದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ. ಅದನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಪಡೆ. ತಮಿಳು, ತೆಲುಗು, ಮಲಯಾಳ, ಕನ್ನಡ ಮಾತಾಡುವವರು ಸೇರುವ ಪಡೆ ಅದು. ಹಿಮವನ್ನೇ ಕಾಣದ ಊರುಗಳ ಮಕ್ಕಳು ಬಂಡೆ ಸಿಡಿಸಿ, ಮಣ್ಣು ಅಗೆದು, ಟ್ಯಾಂಕಿನ ಪಟ್ಟಿಗೆ ಹಿಡಿತ ಸಿಗುವ ನೆಲ ಮಾಡಿಕೊಟ್ಟರು.

ನಮ್ಮ ಶಾಲೆಯಲ್ಲಿ ಓದಿ ಸೈನ್ಯದಲ್ಲಿ ಚಾಲಕನಾಗಿದ್ದ ಹುಡುಗನೊಬ್ಬ ಈಗ ನಿವೃತ್ತನಾಗಿ ಕೃಷ್ಣರಾಜಪೇಟೆಯ ಕಡೆ ತೋಟ ಮಾಡಿಕೊಂಡಿದ್ದಾನೆ. ಲಡಾಖಿನಲ್ಲಿ ಗಾಡಿ ಓಡಿಸಿದ ಅವನ ಮಾತು ಕೇಳಿದರೆ ನಮ್ಮ ಕೆಸರಿನ ಜ್ಞಾನವೇ ನೆನಪಾಗುತ್ತದೆ. ಹಿಮದಲ್ಲಿ ಹೊರಡುವಾಗ ಆಕ್ಸಿಲರೇಟರ್ ಜೋರಾಗಿ ತುಳಿದರೆ ಚಕ್ರ ನಿಂತಲ್ಲೇ ತಿರುಗಿ ಗುಳಿ ತೋಡಿಕೊಳ್ಳುತ್ತದಂತೆ. ಎರಡನೆಯ ಗೇರಿನಲ್ಲಿ ಮೆಲ್ಲನೆ ಹೊರಡಬೇಕು; ಇಳಿಜಾರಿನಲ್ಲಿ ಬ್ರೇಕು ಒತ್ತಿ ಹಿಡಿಯದೆ ಕೆಳಗಿನ ಗೇರಿನಲ್ಲಿ ಎಂಜಿನ್ನೇ ವೇಗ ತಡೆಯುವಂತೆ ಬಿಡಬೇಕು; ಮುಂದಿನ ಗಾಡಿಯಿಂದ ಬಹಳ ದೂರ ಇರಬೇಕು. ಹಗಲು ಕರಗಿದ ನೀರು ರಾತ್ರಿ ಗಾಜಿನಂತೆ ಗಟ್ಟಿಯಾಗಿ ಬೆಳಿಗ್ಗೆ ಬರಿಯ ರಸ್ತೆಯಂತೆಯೇ ಕಾಣುತ್ತದೆ. ಎಲ್ಲಕ್ಕಿಂತ ಅಪಾಯ ಅದೇ. ಅದಕ್ಕೇ ಚಕ್ರಕ್ಕೆ ಕಬ್ಬಿಣದ ಸರಪಣಿ ಸುತ್ತುತ್ತಾರೆ. “ನಾಲ್ಕು ಚಕ್ರದ ಎಳೆತ ಮುಂದೆ ಹೋಗಕ್ಕೆ ಮೇಡಂ, ನಿಲ್ಲಿಸಕ್ಕಲ್ಲ. ಅದನ್ನ ನಂಬಿ ಜೋರಾಗಿ ಹೋದೋರೇ ಜಾರೋದು” ಎಂದ. ಚಳಿಗೆ ಡೀಸೆಲ್ ಮೇಣದಂತೆ ಗಟ್ಟಿಯಾಗುವ ತೊಂದರೆಯನ್ನೂ ಹೇಳಿದ. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಲಡಾಖಿಗೆ ತಂದದ್ದು 2019ರಲ್ಲಿ.

ಅವನಿಗೆ ಅಮೃತ ಮಹಲಿನ ಎತ್ತುಗಳ ಕಥೆ ಹೇಳಿದೆ. ಸರಪಣಿ ಅಂದರೆ ಟೈರಿಗೆ ಹೊಡೆಯುವ ಲಾಳವೇ ಸರಿ ಎಂದು ನಕ್ಕ.

ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ಕೋಟೆ, ಬುರುಜು, ಟಿಪ್ಪು ಬಿದ್ದ ಜಾಗ ತೋರಿಸುತ್ತೇವೆ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಅಲ್ಲಿ ಫ್ರೆಂಚ್ ಸಿಪಾಯಿಗಳ ದಂಡಿತ್ತು ಎಂದು ಬರೆಸುತ್ತೇವೆ. ಫಿರಂಗಿಯ ಮುಂದೆ ನಿಂತು ನಾನು ಈಗ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಇದನ್ನು ಇಲ್ಲಿಗೆ ಎಳೆದು ತಂದವರು ಯಾರು? ದಾರಿ ಮಾಡಿದವರು ಯಾರು? ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ನಾಗಮಂಗಲದ ಕಡೆಯ ಹೊಲದಿಂದ ಬಂದ ಮಗುವೊಂದು “ಎತ್ತು” ಎನ್ನುತ್ತದೆ. ಅಣ್ಣನೋ ಮಾವನೋ ಗಡಿಯಲ್ಲಿರುವ ಇನ್ನೊಂದು ಮಗು “ಡ್ರೈವರ್” ಎನ್ನುತ್ತದೆ. ಪರೀಕ್ಷೆಯಲ್ಲಿ ಈ ಉತ್ತರಗಳಿಗೆ ಅಂಕವಿಲ್ಲ. ಆದರೂ ನಾನು ಅವನ್ನು ಕರಿಹಲಗೆಯ ಮೇಲೆ ರಾಜರ ಹೆಸರುಗಳ ಪಕ್ಕದಲ್ಲೇ ಬರೆಯುತ್ತೇನೆ.