ಲ್ಯಾಟಿನೊ ವಲಸೆ ಕೃಷಿಕಾರ್ಮಿಕರ ಮಾನಸಿಕ ಆರೋಗ್ಯ

ಅಮೆರಿಕದ ಹೊಲತೋಟಗಳಲ್ಲಿ ಸುಗ್ಗಿಯ ಬೆನ್ನುಹತ್ತಿ ದುಡಿಯುವ, ಹೆಚ್ಚಾಗಿ ಮೆಕ್ಸಿಕೊ ಮೂಲದ ಕೂಲಿಗಳನ್ನು ಖಿನ್ನತೆ, ಆತಂಕ, ಕುಡಿತದ ಚಟ ಕಾಡುತ್ತವೆ. ಮನೆಯವರ ಅಗಲಿಕೆ, ಗಡೀಪಾರಿನ ಭಯ, ಕಿಕ್ಕಿರಿದ ಬಿಡಾರ ಮುಖ್ಯ ಕಾರಣಗಳು. ಕೂಲಿಯ ಒತ್ತಡವೂ ಕಡಿಮೆಯಲ್ಲ: ಫ್ಲಾರಿಡದ ಇಮಾಕಲಿಯಲ್ಲಿ ಟೊಮೆಟೊ ಕೊಯ್ಯುವವರಿಗೆ ಸುಮಾರು 32 ಪೌಂಡ್ ಹಿಡಿಯುವ ಬಕೆಟ್‌ಗಳ ಲೆಕ್ಕದಲ್ಲಿ ಹಣ. 1986ರ ಕಾನೂನು ರೂಪಿಸಿದ, ತಾತ್ಕಾಲಿಕ ಕೃಷಿಕೆಲಸಕ್ಕೆ ಕೊಡುವ ಎಚ್-2ಎ ವೀಸಾ ಕಾರ್ಮಿಕನನ್ನು ಒಬ್ಬ ಮಾಲೀಕನಿಗೇ ಕಟ್ಟಿಹಾಕುತ್ತದೆ; ಹೀಗಿರುವಾಗ ದೂರು ಕೊಡುವ ಧೈರ್ಯ ಎಲ್ಲಿಂದ ಬರಬೇಕು? ಹಲವರು ಸಂಕಟವನ್ನು ತಲೆನೋವು, ಹೊಟ್ಟೆನೋವು ಎಂದೇ ವೈದ್ಯರ ಮುಂದಿಡುತ್ತಾರೆ. 1962ರ ವಲಸೆ ಆರೋಗ್ಯ ಕಾಯಿದೆಯಿಂದ ಚಿಕಿತ್ಸಾಲಯಗಳಿಗೆ ಅನುದಾನ ಸಿಗುತ್ತಿದ್ದರೂ ರಜೆ, ವಾಹನ, ವಿಮೆ ಇಲ್ಲದವರಿಗೆ ಅವು ಎಟುಕುವುದು ಕಷ್ಟ. ಮೆಕ್ಸಿಕೊದ ಓಹಾಕ ಪ್ರಾಂತದಿಂದ ಬಂದ, ಮಿಶ್‌ಟೆಕ್ ಎಂಬ ಮೂಲನಿವಾಸಿ ಭಾಷೆಯಾಡುವ ಎಷ್ಟೋ ಜನರಿಗೆ ಸ್ಪ್ಯಾನಿಷ್ ದುಭಾಷಿ ಸಿಕ್ಕರೂ ಪ್ರಯೋಜನ ಅಷ್ಟಕ್ಕಷ್ಟೆ.