ಮಾರುವೇಷದವನು ಕಟಕಟೆಗೆ ಬಂದಾಗ

ಅಹಮದಾಬಾದಿನ ಹೊರ ಅಂಚಿನಲ್ಲಿರುವ ನರೋಡಾ ಪಾಟಿಯಾಕ್ಕೂ ನಮ್ಮ ಕಲಬುರಗಿಗೂ ಒಂದು ಹಳೆಯ ನಂಟಿದೆ. ನೂರಾನಿ ಮಸೀದಿಯ ಹಿಂದಿನ ಹುಸೇನ್ ನಗರ, ಜವಾನ್ ನಗರದ ಓಣಿಗಳಲ್ಲಿ ನೆಲೆಸಿದ್ದ ಮುಸ್ಲಿಮರಲ್ಲಿ ಬಹಳಷ್ಟು ಮಂದಿ ಕರ್ನಾಟಕದಿಂದ, ಮಹಾರಾಷ್ಟ್ರದಿಂದ ಕೂಲಿ ಅರಸಿ ಹೋದವರು. ದಿನದ ದುಡಿಮೆ ನಂಬಿದವರು. ರಸ್ತೆಯಾಚೆ ರಾಜ್ಯ ಸಾರಿಗೆ ಸಂಸ್ಥೆಯ ವರ್ಕ್‌ಶಾಪ್, ಪಕ್ಕದಲ್ಲೇ ಮೀಸಲು ಪೊಲೀಸರ ವಸತಿ. ಗೋಧ್ರಾದಲ್ಲಿ ಸಾಬರಮತಿ ಎಕ್ಸ್‌ಪ್ರೆಸ್‌ನ ಬೋಗಿಯಲ್ಲಿ 59 ಜನ ಸುಟ್ಟು ಸತ್ತ ಮರುದಿನ, 2002ರ ಫೆಬ್ರವರಿ 28ರಂದು, ಬಂದ್ ನಡುವೆ ನುಗ್ಗಿದ ಗುಂಪು ಈ ಓಣಿಗಳಲ್ಲಿ 97 ಜನರನ್ನು ಕೊಂದಿತು. ಸತ್ತವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು.

ಬದುಕುಳಿದವರು ಹೆಸರು ಹೇಳಿದರು. ಪೊಲೀಸರು ತಮಗೆ ಬೇಕಾದಷ್ಟನ್ನು ಬರೆದುಕೊಂಡರು. ಬಜರಂಗ ದಳದ ಬಾಬು ಬಜರಂಗಿಯ ಬಂಧನವೇನೋ ಆಯಿತು, ಜಾಮೀನೂ ಸಿಕ್ಕಿತು. 2003ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಗಲಭೆಯ ಮುಖ್ಯ ಮೊಕದ್ದಮೆಗಳ ವಿಚಾರಣೆಗೆ ತಡೆ ಕೊಟ್ಟಿತು. ಗುಜರಾತಿನೊಳಗೆ ನ್ಯಾಯ ಸಿಕ್ಕೀತೇ ಎಂಬ ಅನುಮಾನ ನ್ಯಾಯಾಲಯಕ್ಕೇ ಬಂದಿತ್ತು. ಅಲ್ಲಿಂದ ಕಡತ ಅಲುಗಲಿಲ್ಲ.

ಹೀಗೆ ಎಲ್ಲ ನಿಂತಿದ್ದ ಹೊತ್ತಿನಲ್ಲಿ, 2007ರ ಮೇ ತಿಂಗಳಲ್ಲಿ, 'ತೆಹಲ್ಕಾ' ವಾರಪತ್ರಿಕೆಯ ಆಶಿಶ್ ಖೇತಾನ್ ಗುಜರಾತಿಗೆ ಬಂದರು. ಬಂದದ್ದು ನರೋಡಾಕ್ಕಲ್ಲ, ವಡೋದರಾಕ್ಕೆ. ಅಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ವಿದ್ಯಾರ್ಥಿಯೊಬ್ಬನ ಚಿತ್ರಗಳ ಮೇಲೆ ದಾಳಿ ನಡೆದಿತ್ತು. ಅದರ ಹಿಂದಿನವರನ್ನು ಹುಡುಕುವುದು ಅವರ ಕೆಲಸ. ಮಾತಿಗೆ ಕೂತವರು ಚಿತ್ರದ ವಿಷಯ ಬಿಟ್ಟು 2002ರ ಕತೆ ತೆಗೆದರು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಮುಂದಿನ ತಿಂಗಳುಗಳಲ್ಲಿ ಖೇತಾನ್ ದೆಹಲಿಯಿಂದ ಬಂದ ಸಂಶೋಧಕನಾದರು. ಹಿಂದುತ್ವದ ಬೆಳವಣಿಗೆಯ ಬಗ್ಗೆ ಬರೆಯುವ ಅಭಿಮಾನಿ ಎಂಬ ಸೋಗು, ಅದಕ್ಕೊಂದು ಸುಳ್ಳು ಹೆಸರು, ಮೈಯಲ್ಲಿ ಅಡಗಿಸಿದ ಕ್ಯಾಮೆರಾ. ಈ ವೇಷದ ಜಾಣ್ಮೆ ಕ್ಯಾಮೆರಾದಲ್ಲಿರಲಿಲ್ಲ. ಪೊಲೀಸನ ಮುಂದೆ ಅಪರಾಧವಾಗುವ ಸಂಗತಿಯೇ ಅಭಿಮಾನಿಯ ಮುಂದೆ ಸಾಹಸವಾಗುತ್ತದೆ. ಇತಿಹಾಸದಲ್ಲಿ ತನ್ನ ಹೆಸರು ಬರಲಿ ಎಂಬ ಆಸೆಯ ಮುಂದೆ ಯಾವ ವಕೀಲನ ಎಚ್ಚರಿಕೆಯೂ ನಿಲ್ಲುವುದಿಲ್ಲ. ಬಾಬು ಬಜರಂಗಿ ಪಾಟಿಯಾದಲ್ಲಿ ನಡೆದದ್ದನ್ನು, ಅದರಲ್ಲಿ ತನ್ನ ಪಾತ್ರವನ್ನು ಹೆಮ್ಮೆಯಿಂದಲೇ ಹೇಳಿಕೊಂಡ. ಪಾಟಿಯಾದ ಇನ್ನಿಬ್ಬರು ಆಪಾದಿತರೂ ಬಾಯಿಬಿಟ್ಟರು.

ಮಾರುವೇಷದ ಪತ್ರಿಕಾವೃತ್ತಿ ಹೊಸದೇನಲ್ಲ. 1887ರಲ್ಲೇ ನ್ಯೂಯಾರ್ಕಿನ ನೆಲ್ಲಿ ಬ್ಲೈ ಹುಚ್ಚಿಯಂತೆ ನಟಿಸಿ ಮಾನಸಿಕ ಆಸ್ಪತ್ರೆಯೊಳಗೆ ಹತ್ತು ದಿನ ಇದ್ದು ಬಂದಿದ್ದಳು. 1981ರಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್'ನ ಅಶ್ವಿನಿ ಸರೀನ್ 2,300 ರೂಪಾಯಿಗೆ ಒಬ್ಬ ಹೆಣ್ಣುಮಗಳನ್ನು ಕೊಂಡು, ಹೆಂಗಸರ ಮಾರಾಟ ನಡೆಯುತ್ತಿದೆ ಎಂದು ತೋರಿಸಿದರು. ವಿಜಯ್ ತೆಂಡೂಲ್ಕರ್ ಅವರ 'ಕಮಲಾ' ನಾಟಕ ಹುಟ್ಟಿದ್ದು ಆ ಪ್ರಕರಣದಿಂದ. ಪತ್ರಕರ್ತನೂ ಅವಳನ್ನು ಬಳಸಿಕೊಂಡನಲ್ಲವೇ ಎಂಬ ಆ ನಾಟಕದ ಪ್ರಶ್ನೆ ಈ ವೃತ್ತಿಯ ಬೆನ್ನು ಬಿಟ್ಟಿಲ್ಲ. 'ತೆಹಲ್ಕಾ'ವೇ 2001ರಲ್ಲಿ ಶಸ್ತ್ರಾಸ್ತ್ರ ದಲ್ಲಾಳಿಗಳ ವೇಷದಲ್ಲಿ ಬಂಗಾರು ಲಕ್ಷ್ಮಣ್ ಹಣ ಪಡೆಯುವುದನ್ನು ಚಿತ್ರಿಸಿತ್ತು. ಆದರೆ ಅಲ್ಲಿ ಪತ್ರಕರ್ತರೇ ಹಣ ಒಡ್ಡಿದ್ದರು. ನರೋಡಾದಲ್ಲಿ ಯಾರೂ ಯಾರಿಗೂ ಆಮಿಷ ತೋರಿಸಿ ಅಪರಾಧ ಮಾಡಿಸಲಿಲ್ಲ. ಅಪರಾಧ ಐದು ವರ್ಷ ಹಿಂದೆಯೇ ನಡೆದುಹೋಗಿತ್ತು. ಈ ವ್ಯತ್ಯಾಸ ಸಣ್ಣದಲ್ಲ.

2007ರ ಅಕ್ಟೋಬರ್ 25ರಂದು 'ಆಜ್ ತಕ್' ವಾಹಿನಿಯಲ್ಲಿ 'ಆಪರೇಷನ್ ಕಳಂಕ್' ಪ್ರಸಾರವಾಯಿತು. ಗುಜರಾತಿನ ವಿಧಾನಸಭಾ ಚುನಾವಣೆ ಹತ್ತಿರವಿತ್ತು. ಇದು ಚುನಾವಣೆಗೆಂದೇ ಹೂಡಿದ ಆಟ ಎಂದು ಬಿಜೆಪಿ ಜರೆಯಿತು. ನಾನಾವತಿ ಆಯೋಗದ ಮುಂದೆ ಸರ್ಕಾರದ ಪರ ವಾದಿಸುತ್ತಿದ್ದ ವಕೀಲ ಅರವಿಂದ ಪಂಡ್ಯ ಕ್ಯಾಮೆರಾಕ್ಕೆ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಬಿಜೆಪಿ 182ರಲ್ಲಿ 117 ಸ್ಥಾನ ಗೆದ್ದಿತು. ನರೋಡಾದ ಶಾಸಕಿ, ವೈದ್ಯೆ ಮಾಯಾ ಕೊಡ್ನಾನಿ ಮಂತ್ರಿಯಾದರು. ಅಂದಿನ ಮಟ್ಟಿಗೆ ಎಲ್ಲ ಟಿವಿಯ ಗದ್ದಲದಲ್ಲಿ ಮುಗಿದಂತೆ ಕಂಡಿತು.

ಮುಗಿದಿರಲಿಲ್ಲ. ಆಗಿನ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಹೊಡೆದು ಹೇಳಿಸಿರಬಹುದು ಎಂಬ ಭಯ ಅದಕ್ಕೆ ಕಾರಣ. ಆದರೆ ಖಾಸಗಿ ವ್ಯಕ್ತಿಯೊಬ್ಬನ ಮುಂದೆ ಒತ್ತಾಯವಿಲ್ಲದೆ ಆಡಿದ ಮಾತನ್ನು ಒಪ್ಪಬಹುದು. ಸಂಶೋಧಕನ ವೇಷದ ಪತ್ರಕರ್ತ ಇಲ್ಲಿ ಖಾಸಗಿ ವ್ಯಕ್ತಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2008ರಲ್ಲಿ ಟೇಪುಗಳ ಪರೀಕ್ಷೆಯನ್ನು ಸಿಬಿಐಗೆ ವಹಿಸಿತು. ಅವು ತಿದ್ದಿದವಲ್ಲ, ಅಸಲಿ ಎಂಬ ವರದಿ ಬಂತು. ಅದೇ ವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸಿಬಿಐನ ಮಾಜಿ ನಿರ್ದೇಶಕ ಆರ್.ಕೆ. ರಾಘವನ್ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿಸಿತು. 2009ರಲ್ಲಿ ಕೊಡ್ನಾನಿ ಮಂತ್ರಿಗಿರಿ ಬಿಟ್ಟು ಶರಣಾದರು.

ಆ ಬಳಿಕ ವಿಚಾರಣೆ. ಒಟ್ಟು 327 ಸಾಕ್ಷಿಗಳು. ಖೇತಾನ್ ತಮ್ಮ ನಿಜವಾದ ಹೆಸರಿನಲ್ಲಿ ಕಟಕಟೆಗೆ ಬಂದು, ಸುಳ್ಳು ಹೇಳಿ ಒಳಹೊಕ್ಕದ್ದನ್ನು ಒಪ್ಪಿ, ಆಪಾದಿತರ ವಕೀಲರ ಪಾಟೀಸವಾಲಿಗೆ ಉತ್ತರಿಸಿದರು. ಮಾರುವೇಷದ ಪತ್ರಕರ್ತರಲ್ಲಿ ಇಷ್ಟು ದೂರ ಬಂದವರು ವಿರಳ. ವರದಿ ಅಚ್ಚಾದ ಮೇಲೆ ಹೆಚ್ಚಿನವರ ಕೆಲಸ ಮುಗಿಯುತ್ತದೆ. ಹಾಗೆಂದು ಟೇಪೊಂದೇ ಯಾರನ್ನೂ ಜೈಲಿಗೆ ಕಳಿಸಲಿಲ್ಲ. ಅದೇ ನ್ಯಾಯಾಲಯಕ್ಕೆ ಪಾಟಿಯಾದ ಕೂಲಿ ಹೆಂಗಸರು, ಗಂಡಸರು ಬಂದು, ತಮ್ಮವರನ್ನು ಕೊಂದವರತ್ತ ಕೈ ತೋರಿಸಿದ್ದರು. ಅವರು ಹೇಳಿದ್ದನ್ನೇ ಆಪಾದಿತನ ಬಾಯಿಯೂ ಹೇಳಿದ್ದರಿಂದ ಟೇಪಿಗೆ ಬಲ ಬಂತು. ಖೇತಾನ್ ಅವರಿಗೆ ಸಿಕ್ಕ ಹೆಸರಿನ ಕಾಲುಭಾಗವೂ ಆ ಸಾಕ್ಷಿಗಳಿಗೆ ಸಿಗಲಿಲ್ಲ.

2012ರ ಆಗಸ್ಟ್ 29ರಂದು ನ್ಯಾಯಾಧೀಶೆ ಜ್ಯೋತ್ಸ್ನಾ ಯಾಗ್ನಿಕ್ 32 ಜನರನ್ನು ತಪ್ಪಿತಸ್ಥರೆಂದರು, 29 ಜನರನ್ನು ಬಿಟ್ಟರು. ಬಜರಂಗಿಗೆ ಸಾಯುವವರೆಗೆ ಜೈಲು, ಕೊಡ್ನಾನಿಗೆ 28 ವರ್ಷ. 2018ರ ಏಪ್ರಿಲ್ 20ರಂದು ಗುಜರಾತ್ ಹೈಕೋರ್ಟ್ ಕೊಡ್ನಾನಿಯವರನ್ನು ಖುಲಾಸೆ ಮಾಡಿತು. ಬಜರಂಗಿ ಅಪರಾಧಿಯೆಂಬುದನ್ನು ಎತ್ತಿಹಿಡಿದು ಶಿಕ್ಷೆಯನ್ನು 21 ವರ್ಷಕ್ಕಿಳಿಸಿತು. ಮರುವರ್ಷ ಅನಾರೋಗ್ಯದ ಕಾರಣಕ್ಕೆ ಸುಪ್ರೀಂ ಕೋರ್ಟ್ ಅವನಿಗೆ ಜಾಮೀನು ಕೊಟ್ಟಿತು.

ಟೇಪಿನಲ್ಲಿ ಆಡಿದ ಎಲ್ಲ ಮಾತೂ ಇಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಬಡಾಯಿಗೆ ಬಾಯಿಬಿಟ್ಟವನು ಕಂಡದ್ದರ ಜೊತೆ ಕೇಳಿದ್ದನ್ನೂ ಸೇರಿಸುತ್ತಾನೆ. ಆಗಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರ ಬಗ್ಗೆ ಅಲ್ಲಿ ಕೇಳಿಬಂದ ಮಾತುಗಳನ್ನು ವಿಶೇಷ ತನಿಖಾ ತಂಡ ಸಾಕ್ಷ್ಯವೆಂದು ಒಪ್ಪಲಿಲ್ಲ. ತಂಡದ ಮುಕ್ತಾಯ ವರದಿಯನ್ನು 2022ರ ಜೂನ್ 24ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಖೇತಾನ್ ಮುಂದೆ ಆಮ್ ಆದ್ಮಿ ಪಕ್ಷ ಸೇರಿ, 2014ರಲ್ಲಿ ನವದೆಹಲಿ ಲೋಕಸಭಾ ಕ್ಷೇತ್ರದಲ್ಲಿ ಸೋತು, 2018ರಲ್ಲಿ ಪಕ್ಷ ಬಿಟ್ಟು ವಕೀಲಿಕೆಯತ್ತ ಹೊರಳಿದರು. 'ಅಂಡರ್‌ಕವರ್' ಎಂಬ ಅವರ ಪುಸ್ತಕ 2021ರಲ್ಲಿ ಬಂತು. ಪಾಟಿಯಾದ ಸಮೀಪದ ನರೋಡಾ ಗಾಂನಲ್ಲಿ ಅದೇ ದಿನ ನಡೆದ 11 ಜನರ ಕೊಲೆಯ ಮೊಕದ್ದಮೆ ಬೇರೆಯಾಗಿಯೇ ಸಾಗಿತ್ತು. 86 ಆಪಾದಿತರಲ್ಲಿ 18 ಮಂದಿ ತೀರ್ಪಿಗೆ ಮೊದಲೇ ತೀರಿಕೊಂಡರು, ಒಬ್ಬರನ್ನು ಮೊದಲೇ ಕೈಬಿಡಲಾಗಿತ್ತು. ಉಳಿದ 67 ಜನರನ್ನೂ, ಬಜರಂಗಿ ಮತ್ತು ಕೊಡ್ನಾನಿ ಸಮೇತ, ವಿಶೇಷ ನ್ಯಾಯಾಲಯ 2023ರ ಏಪ್ರಿಲ್ 20ರಂದು ಖುಲಾಸೆ ಮಾಡಿತು.