ಕುವಳಾಲ ನಾಡಿನಲ್ಲಿ ಹಂದಿಯ ಕಾವಲು

ಇಂದಿನ ಕೋಲಾರವೇ ಶಾಸನಗಳ ಕುವಳಾಲ. ಗಂಗರು ರಾಜಧಾನಿಯನ್ನು ತಲಕಾಡಿಗೆ ಸಾಗಿಸಿದ ನಂತರವೂ ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳನ್ನು ಬಿಡಲಿಲ್ಲ. ಆ ವಂಶಕ್ಕೆ ನೆಲೆ ಕಲ್ಪಿಸಿಕೊಟ್ಟವರು ಸಿಂಹನಂದಿ ಆಚಾರ್ಯರೆಂಬ ಪರಂಪರೆಯ ಮಾತು ಜೈನ ಮನೆಗಳಲ್ಲಿ ಚಿರಪರಿಚಿತವಾದುದು. ಶಿವಮೊಗ್ಗ ಜಿಲ್ಲೆಯ ಕಲ್ಲೂರುಗುಡ್ಡದ 12ನೆಯ ಶತಮಾನದ ಶಾಸನವು ಆಚಾರ್ಯರು ದಡಿಗ ಮಾಧವರಿಗೆ ವಿಧಿಸಿದ ನಿಯಮಗಳನ್ನು ತಿಳಿಸುತ್ತದೆ. ಮಧು ಮಾಂಸಗಳನ್ನು ಸೇವಿಸಿದರೆ ಕುಲ ಕೆಡುವುದೆಂಬುದು ಅವುಗಳಲ್ಲಿ ಒಂದು. ರಣದಿಂದ ಓಡಿದರೆ ಕುಲ ಕೆಡುವುದೆಂಬುದು ಇನ್ನೊಂದು. ಇವೆರಡನ್ನೂ ಜೊತೆಜೊತೆಯಾಗಿ ಹೇಳಿದ ಪರಂಪರೆಯು ಗೃಹಸ್ಥನ ಅಹಿಂಸೆಯನ್ನು ಲೋಕವ್ಯವಹಾರವನ್ನು ಅರಿತೇ ವಿಚಾರಿಸಿತ್ತೆಂಬುದು ಗಮನಾರ್ಹ. ಈ ನಾಡಿನ ರೈತನಿಗಾದರೋ ಬಿಟ್ಟು ಓಡಲಾಗದ ಕದನವೊಂದು ಪ್ರತಿವರ್ಷವೂ ಇತ್ತು, ಇಂದಿಗೂ ಇದೆ. ಅದು ಕಾಡುಹಂದಿಯೊಡನೆ.

ಹಂದಿಯೊಡನೆ ಕನ್ನಡ ನಾಡಿನ ಒಡೆಯರು ನಡೆಸಿದ ವ್ಯವಹಾರಕ್ಕೆ ಅತ್ಯಂತ ಪ್ರಸಿದ್ಧವಾದ ಸಾಕ್ಷಿ ಗಂಗರ ಕಾಲದ್ದೇ. ಅದು ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನ. ಕಾಲ ಶಕ 872, ಎಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಇಮ್ಮಡಿ ಬೂತುಗನ ಬಂಟನಾದ ಮಣಲೇರನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಊರನ್ನಲ್ಲ, ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲಾಗಿ ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿಯ ದತ್ತಿ ನಡೆಯಿತು, ಪೂಜೆಯ ಏರ್ಪಾಡೂ ಆಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೂತುಗನು ಜಿನಧರ್ಮದಲ್ಲಿ ಶ್ರದ್ಧೆಯುಳ್ಳವನು. ಈ ಘಟನೆಯಾದ ಸುಮಾರು ಮೂವತ್ತು ವರ್ಷಗಳಲ್ಲಿ ಅದೇ ವಂಶದ ಮಂತ್ರಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಆತಕೂರಿನ ಹಂದಿ ಯಾರ ಹೊಲವನ್ನು ಮೇದಿತ್ತೆಂದು ಶಾಸನ ಹೇಳುವುದಿಲ್ಲ. ಅದು ಕಾವಲಲ್ಲ, ವಿನೋದದ ಬೇಟೆ. ಹೊಲ ಕಾದವನ ನೆನಪಿಗೆ ಇಂತಹ ಕಲ್ಲು ನಿಲ್ಲುವುದು ವಿರಳ.

ಜೈನ ಪರಂಪರೆಯಲ್ಲಿ ಹಂದಿಯ ಸ್ಥಾನ ತುಚ್ಛವಾದುದಲ್ಲ. ಹದಿಮೂರನೆಯ ತೀರ್ಥಂಕರ ವಿಮಲನಾಥರ ಲಾಂಛನ ವರಾಹ. ಬಿಂಬದ ಪೀಠವನ್ನು ನೋಡಿ ನಮಸ್ಕರಿಸುವ ಶ್ರಾವಕನು ಆ ಪ್ರಾಣಿಯ ರೂಪವನ್ನೂ ಕಾಣುತ್ತಾನೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ಬಗೆಯ ದಾನಗಳಿಗೆ ಹೆಸರಿಸುವ ನಾಲ್ಕು ದೃಷ್ಟಾಂತಗಳಲ್ಲಿ ಮೂವರು ಮನುಷ್ಯರು, ನಾಲ್ಕನೆಯದು ಸೂಕರ. ಕಥೆ ಹೀಗಿದೆ. ಹಿಂದಿನ ಜನ್ಮದಲ್ಲಿ ಕುಂಬಾರನೂ ಕ್ಷೌರಿಕನೂ ಆಗಿದ್ದ ಇಬ್ಬರು ಕೂಡಿ ಕಟ್ಟಿಸಿದ ವಸತಿಯಲ್ಲಿ ಮುನಿಗಳನ್ನು ಇರಿಸುವ ವಿಷಯಕ್ಕೆ ಜಗಳವಾಡಿ ಸತ್ತು, ಒಬ್ಬನು ಹಂದಿಯಾಗಿಯೂ ಇನ್ನೊಬ್ಬನು ಹುಲಿಯಾಗಿಯೂ ಹುಟ್ಟಿದರು. ಗುಹೆಯಲ್ಲಿ ತಂಗಿದ್ದ ಮುನಿಗಳನ್ನು ತಿನ್ನಲು ಹುಲಿ ಬಂದಿತು. ಕಾಯಲು ಹಂದಿ ಬಾಗಿಲಿಗೆ ಅಡ್ಡ ನಿಂತಿತು. ಎರಡೂ ಒಂದನ್ನೊಂದು ಕೊಂದವು. ಹಂದಿಗೆ ಸ್ವರ್ಗ, ಹುಲಿಗೆ ನರಕ. ಕ್ರಿಯೆ ಒಂದೇ, ಭೇದವಿದ್ದುದು ಪರಿಣಾಮದಲ್ಲಿ, ಎಂದರೆ ಒಳಗಿನ ಭಾವದಲ್ಲಿ. ಹೊಲದ ಹಂದಿಯ ವಿಷಯವನ್ನು ವಿಚಾರಿಸುವವರಿಗೆ ಈ ಕಥೆ ಕೊನೆಯವರೆಗೂ ಉಪಯೋಗಕ್ಕೆ ಬರುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹೊಲಗಳು ಕೆರೆ, ಗುಡ್ಡ, ಕುರುಚಲು ಕಾಡುಗಳ ನಡುವೆ ಹರಡಿವೆ. ರಾಗಿ, ಅವರೆ, ಕಡಲೆಕಾಯಿ, ಆಲೂಗಡ್ಡೆ ಇವು ಹಂದಿಗೆ ಹಿತವಾದ ಬೆಳೆಗಳು. ತಿನ್ನುವುದಕ್ಕಿಂತ ಉತ್ತು ಹಾಕುವುದೇ ಹೆಚ್ಚು. ಕಡಲೆಕಾಯಿ ಬಲಿಯುವ ಹೊತ್ತಿಗೆ ಒಂದು ಹಿಂಡು ಹೊಕ್ಕರೆ ಬೆಳಗಾಗುವಷ್ಟರಲ್ಲಿ ಸಾಲುಗಳೇ ಇರುವುದಿಲ್ಲ. ಹಿಂದೆ ಇದಕ್ಕೆ ಊರಿನ ವ್ಯವಸ್ಥೆಯೇ ಇತ್ತು. ಹನ್ನೆರಡು ಆಯಗಾರರಲ್ಲಿ ನೀರಗಂಟಿ ಕೆರೆಯ ನೀರನ್ನು ಹಂಚಿದರೆ ತೋಟಿ ಬೆಳೆಯನ್ನು ಕಾಯುತ್ತಿದ್ದನು. ನೆರೆಯ ಮದರಾಸು ಪ್ರಾಂತದ ಹಳ್ಳಿಗಳನ್ನು ವರ್ಣಿಸುವ 1812ರ ಬ್ರಿಟಿಷ್ ಸಂಸತ್ತಿನ ಐದನೆಯ ವರದಿಯೂ ತೋಟಿಯ ಕೆಲಸವೆಂದರೆ ಬೆಳೆ ಕಾಯುವುದು, ಅಳತೆಗೆ ನೆರವಾಗುವುದು ಎಂದೇ ಹೇಳುತ್ತದೆ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯ ಸಲ್ಲುತ್ತಿತ್ತು. ಅಟ್ಟಣೆ, ಕವಣೆ, ತಮಟೆ, ಬೆಂಕಿಯ ಕೊಳ್ಳಿ, ಜಾಲಿಮುಳ್ಳಿನ ಬೇಲಿ, ಬದುವಿನ ಮೇಲೆ ಕತ್ತಾಳೆ, ಇಷ್ಟೇ ಸಲಕರಣೆ.

ಈ ವ್ಯವಸ್ಥೆಯನ್ನು ನೆನೆದು ನಿಟ್ಟುಸಿರು ಬಿಡುವವರು ಒಂದು ಮಾತನ್ನು ಮರೆಯಬಾರದು. ಹಂದಿಯನ್ನು ಕೊಲ್ಲದೆ ಊರು ಉಂಡದ್ದಕ್ಕೆ ಬೆಲೆ ಇರಲಿಲ್ಲವೆಂದಲ್ಲ. ಆ ಬೆಲೆಯನ್ನು ತೋಟಿ ತನ್ನ ನಿದ್ರೆಯಿಂದ ತೆತ್ತನು. ಊರ ಹೊರಗೆ ಇರಿಸಲ್ಪಟ್ಟ ಅವನು ಬೇಡವೆನ್ನಲು ಸ್ವತಂತ್ರನೂ ಆಗಿರಲಿಲ್ಲ, ಏಕೆಂದರೆ ಆ ಕೆಲಸ ವಂಶಪಾರಂಪರ್ಯವಾದುದು. ಬೆಚ್ಚಗೆ ಮಲಗಿದ ಮನೆಯ ಅಹಿಂಸೆಯಲ್ಲಿ ಅವನ ಚಳಿಯ ಪಾಲೂ ಸೇರಿತ್ತು. ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾನೂನು 1963ರ ಫೆಬ್ರವರಿಯಿಂದ ಜಾರಿಗೆ ಬಂದು ಆ ಕಟ್ಟು ಕಳಚಿತು. ಅದು ನ್ಯಾಯವೇ. ಆದರೆ ಕಳಚಿದ ಕಾವಲಿನ ಜಾಗಕ್ಕೆ ಊರು ಬೇರೊಂದನ್ನು ಏರ್ಪಡಿಸಲಿಲ್ಲ. ಒಬ್ಬೊಬ್ಬ ರೈತನೂ ತನ್ನ ತುಂಡು ಹೊಲವನ್ನು ತಾನೇ ಕಾಯುವ ಕಾಲ ಬಂದಿತು.

ಬಂದೂಕಿನ ಕಥೆ ಚಿಕ್ಕದು. 1959ರ ಆಯುಧ ಕಾನೂನು ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲು ಅವಕಾಶವಿತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಕಾಡುಹಂದಿಯನ್ನು ಮೂರನೆಯ ಅನುಸೂಚಿಯಲ್ಲಿ ಇರಿಸಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಅದು ಎರಡನೆಯ ಅನುಸೂಚಿಗೆ ಬಂದಿದೆ. ಜೀವಕ್ಕಾಗಲಿ ನಿಂತ ಬೆಳೆಗಾಗಲಿ ಅಪಾಯವೆಂದು ಕಂಡರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣವನ್ನು ಬರೆದು ಕೊಲ್ಲಲು ಅನುಮತಿ ನೀಡಬಹುದು. ಬಿಹಾರದಲ್ಲಿ 2015ರಲ್ಲಿ, ಉತ್ತರಾಖಂಡದಲ್ಲಿ 2016ರಲ್ಲಿ ಕೇಂದ್ರ ಸರ್ಕಾರವು ಗೊತ್ತಾದ ಪ್ರದೇಶಗಳಲ್ಲಿ ಗೊತ್ತಾದ ಅವಧಿಗೆ ಹಂದಿಯನ್ನು ಪೀಡಕ ಪ್ರಾಣಿಯೆಂದು ಘೋಷಿಸಿತ್ತು. ಕೇರಳವು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಅಂತಹ ಆದೇಶ ನೀಡುವ ಅಧಿಕಾರವನ್ನು ಕೊಟ್ಟಿತು.

ಅನುಮತಿಯ ದಾರಿ ಉದ್ದವಾದುದರಿಂದ ಅನೇಕರು ಹಿಡಿಯುವುದು ಅಡ್ಡದಾರಿ. ಅದು ಮೂರು ಬಗೆ: ಉರುಳು, ಸಿಡಿಮದ್ದು, ವಿದ್ಯುತ್ ತಂತಿ. ಉರುಳಿಗೆ ಹಂದಿಯೇ ಬೀಳಬೇಕೆಂದಿಲ್ಲ. ಚಿರತೆ ಸೊಂಟಕ್ಕೆ ಬಿಗಿದುಕೊಂಡು ಸಾಯುತ್ತದೆ, ಊರ ನಾಯಿಯೂ ಸಾಯುತ್ತದೆ. ಸಿಡಿಮದ್ದನ್ನು ಹಣ್ಣಿನಲ್ಲೋ ಹಿಟ್ಟಿನ ಉಂಡೆಯಲ್ಲೋ ಅಡಗಿಸಿ ಇಡುತ್ತಾರೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಬಾಯಿ ಛಿದ್ರವಾಗಿ ನೀರಿನಲ್ಲಿ ನಿಂತೇ ಸತ್ತ ಗರ್ಭಿಣಿ ಆನೆ ಕಚ್ಚಿದ್ದು ಹಂದಿಗೆಂದು ಇಟ್ಟ ಮದ್ದನ್ನೇ ಎಂದು ತನಿಖೆಯಲ್ಲಿ ಕಂಡುಬಂದಿತು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲ ಓದುಗರಿಗೆ ಇಲ್ಲಿ ಒಂದು ನೆನಪು ಬಾರದಿರದು: ಯಶೋಧರನು ಬಲಿಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು, ಆದರೂ ಸಂಕಲ್ಪವೊಂದೇ ಅವನನ್ನು ಜನ್ಮಜನ್ಮಾಂತರಗಳಲ್ಲಿ ಪಶುಯೋನಿಗೆ ತಳ್ಳಿತು. ವಿದ್ಯುತ್ ತಂತಿಯ ಮಾತು ಇನ್ನೂ ಘೋರ. ಮನೆಗೆ ಬರುವ 230 ವೋಲ್ಟಿನ ಪ್ರವಾಹವನ್ನು ಬದುವಿನ ತಂತಿಗೆ ಹರಿಸಿದರೆ ಅದು ಹಂದಿ, ಹಸು, ಆನೆ, ನೀರು ಕಟ್ಟಲು ಬಂದ ಪಕ್ಕದ ಹೊಲದ ರೈತ ಎಂಬ ಭೇದವನ್ನು ಎಣಿಸುವುದಿಲ್ಲ.

ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದುದು ಮೊದಲನೆಯದನ್ನು ಎನ್ನುತ್ತದೆ. ಉಳುಮೆಯಲ್ಲಿ ಸಾಯುವ ಹುಳು ಉದ್ಯೋಗೀ ಹಿಂಸೆ. ಮೇಲೆ ಬಿದ್ದ ಪ್ರಾಣಿಯಿಂದ ತನ್ನನ್ನು ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ ಹಿಂಸೆ. ಬೆಳೆಯ ಹಂದಿಯನ್ನು ಕೊಲ್ಲುವುದು ವಿರೋಧೀ ಎಂದು ವಾದಿಸುವವರಿದ್ದಾರೆ. ಎದುರಿಗೆ ನುಗ್ಗಿದ ಹಂದಿಯ ವಿಷಯದಲ್ಲಿ ಈ ವಾದ ಸಲ್ಲಬಹುದು. ಹಿಟ್ಟಿನ ಉಂಡೆಯ ವಿಷಯದಲ್ಲಿ ಸಲ್ಲದು, ಏಕೆಂದರೆ ಅಲ್ಲಿ ಪ್ರಾಣಿಯನ್ನು ಅಟ್ಟುತ್ತಿಲ್ಲ, ಸಾಯಲೆಂದು ಕರೆಯುತ್ತಿದ್ದಾರೆ. ಬೇಲಿ ಹಾಕುವುದೂ ಅನ್ನಪಾನನಿರೋಧವೆಂಬ ಅತಿಚಾರವಲ್ಲವೇ ಎಂದು ಕೇಳುವುದುಂಟು; ಆ ಅತಿಚಾರ ಹೇಳಿರುವುದು ಕಟ್ಟಿ ಸಾಕಿದ, ತನ್ನ ಆಶ್ರಯದಲ್ಲಿರುವ ಜೀವಿಗಳಿಗೆ.

ಕೊಲ್ಲುವುದರಿಂದ ಕೆಲಸವಾದರೂ ಆಗುವುದೇ ಎಂಬುದು ಬೇರೆ ಪ್ರಶ್ನೆ. ಹೆಣ್ಣು ಹಂದಿಯ ಗರ್ಭಾವಧಿ ಸುಮಾರು 115 ದಿನ; ಒಂದು ಸೂಲಿಗೆ ನಾಲ್ಕರಿಂದ ಆರು ಮರಿ ಸಾಮಾನ್ಯ. ಅಮೆರಿಕಕ್ಕೆ 1539ರಲ್ಲಿ ಸ್ಪೇನಿನ ಡಿ ಸೋಟೊ ಒಯ್ದ ಸಾಕುಹಂದಿಗಳು ಕಾಡು ಸೇರಿದವು; ಇಂದು ಅಲ್ಲಿ ಕಾಡುಬಿದ್ದ ಹಂದಿಗಳು ಅರವತ್ತು ಲಕ್ಷವೆಂದು ಆ ದೇಶದ ಕೃಷಿ ಇಲಾಖೆಯ ಅಂದಾಜು. ಬಂದೂಕಿಗೂ ಬೋನಿಗೂ ಅಲ್ಲಿ ಕೊರತೆಯಿಲ್ಲ. ಟೆಕ್ಸಾಸ್ ರಾಜ್ಯ 2011ರಲ್ಲಿ ಹೆಲಿಕಾಪ್ಟರಿನಿಂದ ಗುಂಡಿಕ್ಕುವುದಕ್ಕೂ ಹಣ ಕೊಟ್ಟು ಬರುವ ಬೇಟೆಗಾರರಿಗೆ ಅವಕಾಶ ಮಾಡಿಕೊಟ್ಟಿತು. 2014ರಿಂದ ಕೇಂದ್ರ ಸರ್ಕಾರವೇ ಕೋಟ್ಯಂತರ ಡಾಲರುಗಳ ಕಾರ್ಯಕ್ರಮ ನಡೆಸುತ್ತಿದೆ. ಹಂದಿ ಮುಗಿದಿಲ್ಲ. ಅಲ್ಲಲ್ಲಿ ಒಂದೆರಡನ್ನು ಕೊಂದಲ್ಲಿ ಉಳಿದವು ಬೇಗ ತುಂಬಿಕೊಳ್ಳುತ್ತವೆ.

ಕೊಲ್ಲದ ಉಪಾಯಗಳೂ ಎಲ್ಲವೂ ಒಂದೇ ತೂಕದವಲ್ಲ. ಹೊಲದ ಸುತ್ತ ಬಣ್ಣದ ಹಳೆಯ ಸೀರೆ ಕಟ್ಟುವುದು, ಕ್ಷೌರದ ಕೂದಲು ಚೆಲ್ಲುವುದು, ಪಟಾಕಿ ಹಚ್ಚುವುದು ಇವೆಲ್ಲ ಕೆಲವು ರಾತ್ರಿಗಳ ಮಾತು. ಹಂದಿ ಬುದ್ಧಿಯುಳ್ಳ ಪ್ರಾಣಿ, ಬೇಗ ಅರಿತುಕೊಳ್ಳುತ್ತದೆ. ಹೊಲದ ಅಂಚಿಗೆ ಮುಳ್ಳಿರುವ ಕುಸುಬೆಯನ್ನು ಒತ್ತೊತ್ತಾಗಿ ಬಿತ್ತುವುದು ಸ್ವಲ್ಪ ಮೇಲು. ಸರಿಗೆ ಜಾಲರಿಯ ಬೇಲಿ ಒಳ್ಳೆಯದೇ, ಆದರೆ ಅದರ ಕೆಳ ಅಂಚನ್ನು ಮಣ್ಣಿನಲ್ಲಿ ಹೂಳದಿದ್ದರೆ ಹಂದಿ ಮೂತಿಯಿಂದ ಎತ್ತಿ ನುಸುಳುತ್ತದೆ. ಸೌರಬೇಲಿಯಲ್ಲಿ ಸೆಕೆಂಡಿಗೊಮ್ಮೆಯಂತೆ ಕ್ಷಣಮಾತ್ರದ ಮಿಡಿತ ಹರಿಯುತ್ತದೆ. ನೋವಾಗುತ್ತದೆ, ಸರಿಯಾದ ಉಪಕರಣವಿದ್ದರೆ ಜೀವ ಹೋಗುವುದಿಲ್ಲ. ಹಂದಿಗೆಂದಾದರೆ ಕೆಳಗಿನ ತಂತಿ ನೆಲದಿಂದ ಗೇಣಿನಷ್ಟೇ ಎತ್ತರದಲ್ಲಿರಬೇಕು. ಹುಲ್ಲು ಬೆಳೆದು ತಂತಿಗೆ ತಾಗಿದರೆ ಪ್ರವಾಹ ನೆಲಕ್ಕಿಳಿಯುವುದರಿಂದ ಮಳೆಗಾಲದಲ್ಲಿ ವಾರವಾರವೂ ಹುಲ್ಲು ಸವರಬೇಕು. ಕೊಂಡು ತಂದು ನಿಲ್ಲಿಸಿದ ಸೌರಬೇಲಿಗಳು ಕೆಡುವುದು ಬಹುಪಾಲು ಇಲ್ಲಿಯೇ.

ಖರ್ಚಿನ ವಿಷಯದಲ್ಲಿ ರೂಪಾಯಿಗಿಂತ ಅಳತೆಯನ್ನು ನೋಡುವುದು ಲೇಸು, ಏಕೆಂದರೆ ಬೆಲೆ ವರ್ಷವರ್ಷವೂ ಬದಲಾಗುತ್ತದೆ, ಅಳತೆ ಬದಲಾಗದು. ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 255 ಮೀಟರ್. ಹತ್ತು ಎಕರೆಗೆ 805 ಮೀಟರ್. ಎಂದರೆ ಎಕರೆಗೆ 80. ನೂರು ಎಕರೆಯನ್ನು ಒಟ್ಟಾಗಿ ಸುತ್ತಿದರೆ 2,545 ಮೀಟರ್. ಎಕರೆಗೆ 25 ಮಾತ್ರ. ಒಬ್ಬನೇ ತೆರಬೇಕಾದುದರ ಹತ್ತರಲ್ಲೊಂದು ಪಾಲಿಗೆ ಊರು ಬೇಲಿ ಹಾಕಿಕೊಳ್ಳಬಹುದು. 2015-16ರ ಕೃಷಿ ಗಣತಿಯಂತೆ ರಾಜ್ಯದಲ್ಲಿ ಸರಾಸರಿ ಹಿಡುವಳಿ ಮೂರೂವರೆ ಎಕರೆಯನ್ನೂ ಮುಟ್ಟುವುದಿಲ್ಲ. ಅಂಥವನು ಒಂಟಿಯಾಗಿ ಬೇಲಿ ಹಾಕಲಾರನು. ಹಾಕಿದರೆ ಆ ಬೆಳೆಯಲ್ಲಿ ಅದರ ಸಾಲ ತೀರದು. ಕಾವಲಿನ ಲೆಕ್ಕವೂ ಹಾಗೆಯೇ. ಬೆಳೆ ಬಲಿಯುವ 45 ರಾತ್ರಿಗಳನ್ನು ಒಬ್ಬನೇ ಎಚ್ಚರವಿರಬೇಕಾದಲ್ಲಿ, ಹದಿನೈದು ಮನೆಗಳು ಕೂಡಿ ಐದು ಅಟ್ಟಣೆಗಳನ್ನು ಕಾದರೆ ಮನೆಗೆ 15 ರಾತ್ರಿ ಬೀಳುತ್ತದೆ. ತಂತಿಗೆ ಮನೆಯ ಕರೆಂಟು ಕೊಡುವವನು ಕ್ರೂರಿಯೇ ಆಗಿರಬೇಕೆಂದಿಲ್ಲ. ಅನೇಕ ವೇಳೆ ಅವನು ಮೂವತ್ತು ರಾತ್ರಿ ಎದ್ದಿದ್ದು ಮೂವತ್ತೊಂದನೆಯ ರಾತ್ರಿ ಕಣ್ಣು ಮುಚ್ಚಿದವನು.

ಇದು ಹೊಲ ಉಳುವವರ ಮಾತಾಯಿತು; ಹೊಲವಿದ್ದೂ ಉಳದವರ ಮಾತು ಬೇರೆಯಿದೆ. ಗೇಣಿ ಪದ್ಧತಿಯನ್ನು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ರದ್ದುಮಾಡಿತು. ಆದರೂ ನಗರದಲ್ಲಿರುವ ಒಡೆಯರ ತೋಟಗಳು, ಸಂಸ್ಥೆಗಳ ಜಮೀನುಗಳು ಕಾವಲುಗಾರರ ಕೈಯಲ್ಲಿ ನಡೆಯುತ್ತವೆ. ಅಲ್ಲಿ ಹಂದಿಗೆ ಮದ್ದಿಟ್ಟವನು ಕಾವಲುಗಾರ, ತಂತಿ ಎಳೆದವನು ಕೂಲಿಯವನು. ಒಡೆಯನ ಕೈ ಶುದ್ಧ. ಶಾಸ್ತ್ರವಾದರೋ ಕೃತ, ಕಾರಿತ, ಅನುಮೋದನ ಎಂದು ಮೂರನ್ನೂ ಒಂದೇ ಸಾಲಿನಲ್ಲಿ ಎಣಿಸುತ್ತದೆ. ವಿಷ, ಆಯುಧ, ಬೆಂಕಿ, ಸಂಕೋಲೆಗಳಂಥ ಸಾಧನಗಳನ್ನು ಇನ್ನೊಬ್ಬನಿಗೆ ಕೊಡುವುದನ್ನು ಹಿಂಸಾದಾನವೆಂದು ಹೆಸರಿಸಿ ಅನರ್ಥದಂಡದಲ್ಲಿ ಸೇರಿಸಿದೆ. ಬೆಳೆ ಹೋದರೆ ಸಂಬಳದಲ್ಲಿ ಮುರಿದುಕೊಳ್ಳುವೆನೆಂದು ಹೇಳಿ, ಬೇಲಿಗೂ ಎರಡನೆಯ ಆಳಿಗೂ ಹಣ ಕೊಡದ ಒಡೆಯನು ಕೊಟ್ಟ ಸಾಧನ ಯಾವುದೆಂದು ಕೇಳಬೇಕಾಗುತ್ತದೆ. ತೋಟಿಯ ಚಳಿ ಹೆಸರು ಬದಲಿಸಿಕೊಂಡು ಅಲ್ಲಿಯೇ ಉಳಿದಿದೆ.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ಮರ ಹೂ ಬಿಡುವಾಗಲೇ ಫಸಲನ್ನು ವ್ಯಾಪಾರಿಗೆ ಕೊಡುವುದು ಅಲ್ಲಿಯ ರೂಢಿ. ಒಡೆಯನೂ ವ್ಯಾಪಾರಿಯೂ ತೋಪಿನಲ್ಲಿ ನಿಂತು ಮರ ಎಣಿಸುತ್ತಾರೆ. ಮುಂಗಡ ಎಷ್ಟು, ಔಷಧಿ ಸಿಂಪಡಣೆ ಯಾರದು, ಒಡೆಯನ ಮನೆಗೆ ಎಷ್ಟು ಹಣ್ಣು ಎಂದೆಲ್ಲ ಮಾತಾಗುತ್ತದೆ. ಕಾವಲು ವ್ಯಾಪಾರಿಯದೆಂದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ತೋಪಿನ ಗುಡಿಸಲಿನಲ್ಲಿ ರಾತ್ರಿ ಮಲಗುವವನಿಗೆ ಎಷ್ಟು ಕೂಲಿ, ಅವನೊಡನೆ ಇನ್ನೊಬ್ಬನಿರುವನೇ, ಅಂಚಿನ ತಂತಿಗೆ ಏನು ಹರಿಯುತ್ತದೆ ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಆ ಮಾತುಕತೆಯಲ್ಲಿ ಏಳುವುದಿಲ್ಲ.